ಬೇಡ ಅಂದದ್ದನ್ನು ನಂಬಿದವರು

ನಮ್ಮ ಅಪ್ಪ ಹೊಳೆನರಸೀಪುರದಲ್ಲಿ ಪೌರೋಹಿತ್ಯ ಮಾಡುತ್ತಿದ್ದರು. ಇಡೀ ಜೀವಮಾನದಲ್ಲಿ ಒಬ್ಬರ ಹತ್ತಿರವೂ ಇಷ್ಟು ಕೊಡಿ ಎಂದು ಬಾಯಿಬಿಟ್ಟು ಕೇಳಿದವರಲ್ಲ. ಮದುವೆ ಮಾಡಿಸಲಿ, ಗೃಹಪ್ರವೇಶ ಮಾಡಿಸಲಿ, "ಸ್ವಾಮಿ, ತಮ್ಮದು ಎಷ್ಟಾಯ್ತು?" ಎಂದು ಯಾರಾದರೂ ಕೇಳಿದರೆ "ತಮಗೆ ತೋಚಿದಷ್ಟು" ಎನ್ನುವರು. ವೀಳ್ಯದೆಲೆಯ ಕೆಳಗೆ ಇಟ್ಟದ್ದನ್ನು ನೋಡದೆಯೇ ಶಲ್ಯದ ತುದಿಗೆ ಗಂಟು ಹಾಕಿಕೊಳ್ಳುವರು. ಮೊದಲ ಸಲ ಕೊಟ್ಟಾಗ "ಇದೆಲ್ಲ ಯಾಕೆ, ಬೇಡಿ" ಎನ್ನಬೇಕು, ಅವರು ಒತ್ತಾಯ ಮಾಡಬೇಕು, ಎರಡನೇ ಸಲವೂ ಬೇಡವೆನ್ನಬೇಕು, ಮೂರನೇ ಸಲಕ್ಕೆ ಕೈ ಚಾಚಬೇಕು. ನಮ್ಮಲ್ಲಿ ನಡೆದುಬಂದ ಕ್ರಮ ಇದು. ಕಾಫಿಗೂ ಅಷ್ಟೆ, ರೇಷ್ಮೆ ಸೀರೆಗೂ ಅಷ್ಟೆ. ಮೊದಲ ಸಲಕ್ಕೇ ಹ್ಞೂಂ ಅಂದವರನ್ನು ಅಮ್ಮ ಅಡುಗೆಮನೆಗೆ ಬಂದು "ಆಸೆಬುರುಕರು" ಎಂದು ಪಿಸುಗುಟ್ಟುತ್ತಿದ್ದಳು. ನಾನು ಓದಿದ ಮೊದಲ ಶಾಲೆ ಇದು. ಇದರ ಫೀಸು ಕಟ್ಟಿದ್ದು ಮಾತ್ರ ಮೂವತ್ತು ದಾಟಿದ ಮೇಲೆ, ಹಾಸನದ ಬಿ.ಎಂ. ರಸ್ತೆಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ.

ಬಿ.ಎಸ್ಸಿ. ಮುಗಿಸಿ ಹಾಸನದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತಿದ್ದೆ. ತೊಂಬತ್ತರ ದಶಕದ ನಡುಭಾಗ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಗರ್ಭಗುಡಿಗೂ ಕಂಪ್ಯೂಟರಿಗೂ ಆಗ ಒಂದೇ ಮಡಿ. ಕಲಿತ ಮೇಲೆ ಕೆಲಸ ಕೊಡುವ ಕಂಪನಿ ಊರಿನಲ್ಲಿ ಒಂದೂ ಇರಲಿಲ್ಲ, ಹಾಗಾಗಿ ನಾನೇ ಕೆಲಸ ಹುಡುಕಿಕೊಂಡು ಬಸ್ಸು ಹತ್ತಿದೆ. ಹೊಳೆನರಸೀಪುರದ ಒಂದು ಅಕ್ಕಿ ಗಿರಣಿ, ಅರಕಲಗೂಡಿನ ಒಂದು ಗೊಬ್ಬರದ ಅಂಗಡಿ, ಚನ್ನರಾಯಪಟ್ಟಣದ ಒಂದು ತೆಂಗಿನಕಾಯಿ ಮಂಡಿ. ಮೂರಕ್ಕೂ ಬಿಲ್ಲು ಹಾಕುವ, ಸ್ಟಾಕು ನೋಡುವ ಪ್ರೋಗ್ರಾಂ ಬರೆದುಕೊಟ್ಟೆ. ಧೂಳು ಕೂರಬಾರದೆಂದು ಫ್ಲಾಪಿಗಳನ್ನು ಊಟದ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಒಂದು ಸಲ ಬಸ್ಸಿನಲ್ಲಿ ಪಕ್ಕದ ಹೆಂಗಸು "ಏನವ್ವಾ ಅದು, ಕೋಡುಬಳೇನಾ?" ಎಂದು ಕೇಳಿದ್ದಳು.

ಆ ವರ್ಷಗಳನ್ನು ನೆನೆದರೆ ನನಗೆ ಮೊದಲು ಕಾಣುವುದು ಮೂಟೆಗಳ ಸಂದಿಯ ಒಂದು ಮೇಜು. ಒಳಗಿನ ಮನೆಯವರ ಜೊತೆ ಕೂತು ಊಟ ಮಾಡುವಷ್ಟು ನೆಂಟಳಲ್ಲ, ಹಮಾಲರ ಜೊತೆ ಕೂತು ಬುತ್ತಿ ಬಿಚ್ಚುವಷ್ಟು ಸಲಿಗೆಯವಳಲ್ಲ. ಮೇಜಿನ ಮೇಲೇ ಮೊಸರನ್ನ ತಿಂದು ಕೈ ತೊಳೆಯುತ್ತಿದ್ದೆ. ಎರಡು ದಿನ ತಲೆ ಚಚ್ಚಿಕೊಂಡು ಒಂದು ತಪ್ಪನ್ನು ಕಂಡುಹಿಡಿದಾಗ ಎದ್ದು ಕುಣಿಯುವಷ್ಟು ಖುಷಿಯಾಗುತ್ತದೆ. ಅದನ್ನು ಹೇಳೋಣವೆಂದರೆ ಯಾರಿಗೆ ಹೇಳುವುದು? ಗಿರಣಿಯ ಗುಮಾಸ್ತರಿಗೆ ಹೇಳಿದರೆ "ಸರಿಹೋಯ್ತಲ್ಲ, ಅಷ್ಟು ಸಾಕು ತಾಯಿ" ಎಂದು ಒಳಕ್ಕೆ ಹೋಗುವರು. ಇಡೀ ಜಿಲ್ಲೆಯಲ್ಲಿ ನನ್ನ ಕೆಲಸ ಏನೆಂದು ಬಲ್ಲವಳು ನಾನೊಬ್ಬಳೇ ಎನ್ನಿಸುತ್ತಿತ್ತು. ಅದರಲ್ಲಿ ಹೆಮ್ಮೆ ಏನೂ ಇರಲಿಲ್ಲ, ಬರೀ ಬೇಸರ.

ದುಡ್ಡಿನ ವಿಷಯಕ್ಕೆ ಬಂದರೆ ನಾನು ಅಪ್ಪನ ಮಗಳು. "ತಮಗೆ ತಿಳಿದಂತೆ" ಅನ್ನುತ್ತಿದ್ದೆ. ಅವರಿಗೆ ತಿಳಿದಂತೆ ಕೊಡುತ್ತಿದ್ದರು. ಮಂಡಿಯವರು ಜೊತೆಗೆ ಆರು ತೆಂಗಿನಕಾಯಿ ಚೀಲಕ್ಕೆ ಹಾಕುತ್ತಿದ್ದರು.

ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಹಾಸನದಲ್ಲಿ ಅಣ್ಣನ ಮನೆಯಲ್ಲಿದ್ದೆ. ಅಣ್ಣ ಹೈಸ್ಕೂಲು ಮೇಷ್ಟರು. ಅತ್ತಿಗೆ, ಇಬ್ಬರು ಮಕ್ಕಳು, ಎರಡು ಕೋಣೆಯ ಬಾಡಿಗೆ ಮನೆ. ನನ್ನದು ನಡುಮನೆ. ಹಾಸಿಗೆ ಸುತ್ತಿಟ್ಟರೆ ನಾನು ಅಲ್ಲಿ ಇದ್ದ ಗುರುತೂ ಉಳಿಯಬಾರದು, ಹಾಗೆ ಇರುತ್ತಿದ್ದೆ. ನನ್ನ ಹಳೇ ಕಂಪ್ಯೂಟರಿನ ಮೇಲೆ ಅತ್ತಿಗೆ ಒಂದು ಹೂವಿನ ಬಟ್ಟೆ ಹೊದಿಸಿ ಅದರ ಮೇಲೆ ಇಸ್ತ್ರಿ ಬಟ್ಟೆ ಇಡುತ್ತಿದ್ದಳು. ಅವಳು ಕೆಟ್ಟವಳಲ್ಲ. ಜಾಗ ಇರಲಿಲ್ಲ, ಅಷ್ಟೆ. ಮದುವೆಯ ಮಾತು ಎರಡು ಸಲ ಬಂದು ಮುರಿದುಬಿದ್ದಿತ್ತು. ಎರಡು ಸಲವೂ ಸೋದರಮಾವ ಮಾತಾಡಿದರು, ನಾನು ಬಾಗಿಲ ಹಿಂದೆ ಕೂತು ಕೇಳಿಸಿಕೊಂಡೆ. ನನ್ನ ಪರವಾಗಿ ಬೇರೆಯವರು ಬಾಯಿ ಹಾಕುವುದನ್ನು ನೋಡಿದ್ದೆನೇ ಹೊರತು ನಾನೇ ಬಾಯಿ ತೆರೆದವಳಲ್ಲ.

ನನಗೆ ಬೇಕಾಗಿದ್ದು ಒಂದೇ. ಸ್ವಂತಕ್ಕೆ ಒಂದು ಬಾಡಿಗೆ ಮನೆ. ಸಾಲಗಾಮೆ ರಸ್ತೆಯ ಕಡೆ ಒಂದು ಮನೆ ನೋಡಿಟ್ಟಿದ್ದೆ. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಒಳಗಿನಿಂದ ಚಿಲಕ ಹಾಕಿಕೊಂಡರೆ ಕೇಳುವವರಿಲ್ಲ. ಆ ಮನೆಯ ಒಡತಿ, "ಒಂಟಿ ಹೆಂಗಸಿಗೆ ಕೊಡಲ್ಲ ಅಂತಿದ್ದೆ, ನಿಮ್ಮನ್ನ ನೋಡಿದ್ರೆ ಪರವಾಗಿಲ್ಲ ಅನ್ಸುತ್ತೆ, ತಿಂಗಳ ಕೊನೆವರೆಗೆ ಕಾಯ್ತೀನಿ" ಅಂದಿದ್ದರು. ಬಾಡಿಗೆ ಎರಡು ಸಾವಿರ, ಮುಂಗಡ ಅದರ ಹತ್ತರಷ್ಟು. ಮುಂಗಡಕ್ಕೆ ಅಮ್ಮನ ಬಳೆ ಇತ್ತು. ತಿಂಗಳು ತಿಂಗಳ ಬಾಡಿಗೆಗೆ ಬೇಕಾದದ್ದು ಒಂದು ನೌಕರಿ.

ಅದೇ ಸಮಯಕ್ಕೆ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ ಹಾಸನದಲ್ಲಿ ಸಣ್ಣದೊಂದು ಆಫೀಸು ತೆರೆಯಿತು. ಗೋದಾಮು, ಗಿರಣಿಗಳಿಗೆ ಬೇಕಾಗುವ ಸಾಫ್ಟ್‌ವೇರನ್ನು ಅಲ್ಲಿ ಬರೆಸುವುದು ಅವರ ಉದ್ದೇಶ. ಅರ್ಜಿ ಹಾಕಿದೆ. ಪರೀಕ್ಷೆ ಬರೆದೆ. ಎರಡು ಗಂಟೆ ಪ್ರಶ್ನೆ ಕೇಳಿದ ಮ್ಯಾನೇಜರು ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ಬೆಂಗಳೂರಿನವನು, ಮರ್ಯಾದಸ್ಥ. ಕೊನೆಗೆ ಪೆನ್ನು ಕೆಳಗಿಟ್ಟು ಹೇಳಿದ:

"ಮೇಡಂ, ನಿಮ್ಮ ಅನುಭವ ನೋಡಿದ್ರೆ ಸೀನಿಯರ್ ಲೆವೆಲ್‌ಗೇ ತಗೋಬಹುದು ಅನ್ಸುತ್ತೆ. ಏನಂತೀರಿ?"

ಮನಸ್ಸು ಆಗಲೇ ಹ್ಞೂಂ ಅಂದಿತ್ತು. ಬಾಯಿ ಮಾತ್ರ ತನ್ನ ಪಾಡಿಗೆ ತಾನು ಮಾತಾಡಿತು. "ಅಯ್ಯೋ, ಅಷ್ಟು ದೊಡ್ಡದೆಲ್ಲ ಯಾಕೆ ಸರ್? ನಾನೇನು ಅಷ್ಟು ತಿಳಿದವಳಲ್ಲ. ಬೇಡಿ."

"ಹೌದಾ? ಸರಿ. ಸಂಬಳ ಎಷ್ಟು ನಿರೀಕ್ಷೆ ಮಾಡ್ತೀರಿ?"

"ತಾವು ನೋಡಿ ಹೇಗೆ ಮಾಡಿದರೂ ಸರಿ."

ಅವನು ಏನೋ ಬರೆದುಕೊಂಡ. ನಾನು ಸೆರಗು ಸರಿಮಾಡಿಕೊಂಡು ಎರಡನೇ ಸಲ ಕೇಳುವುದಕ್ಕೆ ಕಾದೆ. ಅವನು ಎದ್ದು ನಿಂತು ಕೈ ಮುಗಿದು "ಥ್ಯಾಂಕ್ಯೂ ಮೇಡಂ" ಅಂದ. ಮೆಟ್ಟಿಲು ಇಳಿಯುವಾಗಲೂ ನನಗೆ ಅನುಮಾನ ಬರಲಿಲ್ಲ. ಇಷ್ಟು ಒಳ್ಳೆಯ ಮನುಷ್ಯ, ಇನ್ನೊಂದು ಸಲ ಕೇಳದೆ ಇರುತ್ತಾನೆಯೇ, ಕಾಗದ ಬರೆದಾದರೂ ಕೇಳುತ್ತಾನೆ ಎಂದುಕೊಂಡೆ.

ವಾರಕ್ಕೆ ಆಫರ್ ಲೆಟರ್ ಬಂತು. ಟ್ರೈನಿ. ತಿಂಗಳಿಗೆ ಮೂರೂವರೆ ಸಾವಿರ ಸ್ಟೈಪೆಂಡು. ಕಾಲೇಜು ಮುಗಿಸಿ ನೇರ ಬಂದ ಮಕ್ಕಳಿಗೆ ಕೊಡುವ ಮೆಟ್ಟಿಲು. ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ! ಆ ಹುಡುಗನ ವಂಶವನ್ನೆಲ್ಲ ಮನಸ್ಸಿನಲ್ಲೇ ಜಾಲಾಡಿಬಿಟ್ಟೆ. ಬೇಡ ಅಂದರೆ ಬೇಡವೇ? ಮನುಷ್ಯರಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಅವರ ಮನೆಯಲ್ಲಿ ಬಂದವರಿಗೆ ಒಂದೇ ಸಲ ಕಾಫಿ ಕೇಳಿ ಸುಮ್ಮನಾಗುತ್ತಾರೆಯೇ? ಬಟ್ಟೆ ಒಗೆಯುತ್ತಾ ಬೈದೆ, ತರಕಾರಿ ಹೆಚ್ಚುತ್ತಾ ಬೈದೆ. ಬೈದು ಸುಸ್ತಾದ ಮೇಲೆ ಅಳು ಬಂತು. ಮೂರೂವರೆ ಸಾವಿರದಲ್ಲಿ ಎರಡು ಸಾವಿರ ಬಾಡಿಗೆಗೆ ಹೋದರೆ ಉಳಿದದ್ದರಲ್ಲಿ ಬದುಕುವುದು ಹೇಗೆ?

ಅಣ್ಣ ಸ್ಕೂಲಿನಿಂದ ಬಂದಾಗ ಕಾಗದ ತೋರಿಸಿದೆ. "ನೀನೊಂದು ಸಲ ಹೋಗಿ ಮಾತಾಡ್ತೀಯಾ ಅಣ್ಣ?"

"ನಾನಾ? ಇದೇನು ಮದುವೆ ಮಾತುಕತೇನಾ, ಹುಡುಗಿ ಕಡೆಯೋರು ಬಂದಿದ್ದೀವಿ ಅಂತ ಹೋಗಿ ಕೂತ್ಕೊಳ್ಳೋಕೆ? ಸಿಕ್ಕಿದ್ದನ್ನ ಹಿಡ್ಕೊಳೇ. ನೀನೇನು ಬೀದೀಲಿದ್ದೀಯಾ? ಮನೆ ಇದೆ, ಊಟ ಇದೆ."

ಅವನು ಪ್ರೀತಿಯಿಂದಲೇ ಹೇಳಿದ. ಆ ಊಟ, ಆ ಮನೆ ಬಿಟ್ಟು ಹೊರಡಬೇಕೆಂದೇ ಇಷ್ಟೆಲ್ಲ ಪಾಡು ಎಂದು ಅವನಿಗೆ ಹೇಳುವುದು ಹೇಗೆ? ಕಾಗದ ಮಡಚಿಟ್ಟೆ.

ಮಾರನೇ ದಿನ ಬಸ್‌ಸ್ಟ್ಯಾಂಡಿನ ಹತ್ತಿರದ ಎಸ್.ಟಿ.ಡಿ. ಬೂತಿನಿಂದ ಮ್ಯಾನೇಜರಿಗೆ ಫೋನು ಮಾಡಿದೆ. ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಮೇಡಂ, ನಾನೇ ಕೇಳಿದ್ನಲ್ಲ! ನೀವೇ ಬೇಡ ಅಂದ್ರಿ. ನಿಮಗೆ ಜವಾಬ್ದಾರಿ ಇಷ್ಟ ಇಲ್ಲವೇನೋ ಅಂದ್ಕೊಂಡು ಬೆಂಗಳೂರಿಗೆ ಹಾಗೇ ಬರೆದೆ." ಅವನ ದನಿಯಲ್ಲಿ ಕುಹಕವಿರಲಿಲ್ಲ. ನನ್ನ ಮಾತನ್ನು ನಂಬಿದ್ದ, ಪಾಪ. ಈಗ ಬದಲಾಯಿಸಬೇಕಾದರೆ ಬೆಂಗಳೂರಿಗೆ ಏನಾದರೂ ಆಧಾರ ತೋರಿಸಬೇಕು, ಯಾರ್ಯಾರಿಗೆ ಕೆಲಸ ಮಾಡಿಕೊಟ್ಟಿದ್ದೀರೋ ಅವರಿಂದ ಪತ್ರ ತನ್ನಿ, ಸೋಮವಾರದ ಒಳಗೆ, ಅಂದ.

ಪತ್ರ ತರಲು ಹೊರಟೆ. ಹೊಳೆನರಸೀಪುರದ ಗಿರಣಿಯ ಯಜಮಾನರು ಅಪ್ಪನ ಕಾಲದಿಂದ ಪರಿಚಯ. ಕುರ್ಚಿ ಹಾಕಿಸಿ, ಬಾಳೆಹಣ್ಣು ಕೊಟ್ಟು, ತಾವೇ ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ಕೂತು ಬರೆದರು. ಬಸ್ಸಿನಲ್ಲಿ ತೆಗೆದು ಓದಿದೆ. 'ಸುಸಂಸ್ಕೃತ ಮನೆತನದ, ಸೌಮ್ಯ ಸ್ವಭಾವದ ಹೆಣ್ಣುಮಗಳು. ನಮ್ಮ ಮನೆಮಗಳಂತೆ ನಮಗೆ ಆಗಾಗ್ಗೆ ನೆರವಾಗಿದ್ದಾರೆ.' ಪ್ರೋಗ್ರಾಂ ಎಂಬ ಶಬ್ದ ಹುಡುಕಿದರೂ ಇಲ್ಲ! ಅರಕಲಗೂಡಿನ ಗೊಬ್ಬರದ ಅಂಗಡಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಇವರ ನಡತೆಯ ಬಗ್ಗೆ ಊರಿನಲ್ಲಿ ಎರಡು ಮಾತಿಲ್ಲ' ಎಂದು ಬರೆದು ಅಂಗಡಿಯ ಮೊಹರು ಒತ್ತಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ನಾನು ಇವರ ಮಧ್ಯೆ ಕೂತು ಮಾಡಿದ್ದು ಕೆಲಸವೆಂದೇ ಇವರಿಗೆ ಅನ್ನಿಸಿರಲಿಲ್ಲ.

ಕೊನೆಗೆ ಚನ್ನರಾಯಪಟ್ಟಣದ ಮಂಡಿ. ಅಲ್ಲಿ ಯಜಮಾನಿಕೆ ಒಬ್ಬ ಹೆಂಗಸಿನದು. ಗಂಡ ವ್ಯಾಪಾರ ಒಗ್ಗದೆ ತೋಟ ನೋಡಿಕೊಂಡಿದ್ದ. ಲಾರಿಯವರ ಹತ್ತಿರ ಗದ್ದಲ ಮಾಡುವುದೆಲ್ಲ ಆಕೆಯೇ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಅಕ್ಕ ಎಂದು ಕರೆಯುತ್ತಿದ್ದೆ. ನಡೆದದ್ದನ್ನು ಹೇಳಿದೆ. ಆಕೆ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಅಲ್ಲಾ ಕಣವ್ವ, ಅವ್ನು ಕೊಡ್ತೀನಿ ಅಂದ, ನೀನು ಬ್ಯಾಡ ಅಂದೆ. ಇದ್ರಲ್ಲಿ ಅವ್ನ ತಪ್ಪೇನೈತೆ?"

"ಬಾಯಿಮಾತಿಗೆ ಅಂದದ್ದು ಅಕ್ಕಾ. ಇನ್ನೊಂದು ಸಲ ಕೇಳ್ತಾರೆ ಅಂದ್ಕೊಂಡೆ."

"ದಾಕ್ಷಿಣ್ಯಕ್ಕೆ ಬಸ್ರಾದಂಗಾಯ್ತು ನಿನ್ ಕತೆ!" ಎಂದು ಮಂಡಿಯೆಲ್ಲ ಕೇಳುವಂತೆ ನಕ್ಕರು. ಕಾಯಿ ಸುಲಿಯುತ್ತಿದ್ದವರೂ ತಲೆಯೆತ್ತಿ ನಕ್ಕರು. "ನಾನು ಬ್ಯಾಡ ಅಂದ್ರೆ ಲಾರಿ ಮುಂದ್ಕೋಯ್ತದೆ ಕಣ. ತಿರ್ಗಿ ನೋಡಕ್ಕಿಲ್ಲ. ನಂಗೂ ಅಂಗೇ ಅಲ್ವಾ ನೀನು ಮಾಡಿದ್ದು? ಎಷ್ಟು ಕೊಡ್ಲವ್ವಾ ಅಂದ್ರೆ ನಿಮ್ಗೆ ತಿಳ್ದಂಗೆ ಅಂತಿದ್ದೆ. ನಂಗೆ ತಿಳ್ದಂಗೇ ಕೊಟ್ಟೆ. ಕೇಳಿದ್ರೆ ಜಾಸ್ತೀನೇ ಕೊಡ್ತಿದ್ದೆ."

ಇದಕ್ಕೆ ಮಾತ್ರ ನನಗೆ ರೇಗಿತು. "ಕೊಡಬಹುದು ಅಂತ ಗೊತ್ತಿದ್ದ ಮೇಲೆ ಕೊಡಬಹುದಾಗಿತ್ತಲ್ಲ ಅಕ್ಕಾ?"

"ಕೇಳೋರ್ಗೇ ಕೊಡಕ್ಕಾಯ್ತಿಲ್ಲ, ಸುಮ್ಕಿದ್ದೋರ್ನ ಕರ್ದು ಕೊಡಕ್ಕೆ ನಾನೇನು ಛತ್ರ ಮಡೀಕಂಡಿದೀನಾ?"

ಆಕೆಗೆ ನಾಚಿಕೆಯೇನೂ ಆದಂತೆ ಕಾಣಲಿಲ್ಲ. ಆರು ವರ್ಷ ಆಕೆ ಕೊಟ್ಟ ಕಾಯಿಗಳನ್ನು ದೊಡ್ಡ ವಿಶ್ವಾಸವೆಂದು ಹೊತ್ತುಕೊಂಡು ಹೋಗಿದ್ದೆ. ಪತ್ರ ಕೇಳಿದ್ದಕ್ಕೆ "ಏನ್ ಬೇಕೋ ನೀನೇ ಬರ್ಕೊ, ಸಯ್ನು ಹಾಕ್ತೀನಿ" ಎಂದು ಬಿಲ್ಲು ಹಾಕುವ ಕಂಪ್ಯೂಟರಿನ ಮುಂದೆ ಕೂರಿಸಿದರು. ಅಲ್ಲಿ ಕೂತರೆ ಒಂದು ಸಾಲೂ ಹೊರಡದು. ನನ್ನನ್ನು ನಾನೇ ಹೊಗಳಿಕೊಂಡು ಬರೆಯುವುದು ಹೇಗೆ? ಬಹಳ ಹೊತ್ತಿನ ಮೇಲೆ, 'ಈ ಮಂಡಿಯ ಲೆಕ್ಕವೆಲ್ಲ ಇವರು ಬರೆದ ಪ್ರೋಗ್ರಾಮಿನಲ್ಲಿ ನಡೆಯುತ್ತದೆ' ಎಂದು ಒಂದೇ ವಾಕ್ಯ ಬರೆದೆ. ಆಕೆ ಬಗ್ಗಿ ಓದಿದರು.

"ಸರಿಯಾಗಿ ನಡೀತದೆ ಅಂತ ಹಾಕಕ್ಕಿಲ್ವಾ? ಅದ್ನೂ ನಾನೇ ಹೇಳ್ಕೊಡ್ಬೇಕಾ?"

'ಸರಿಯಾಗಿ' ಎಂದು ಸೇರಿಸಿದೆ.

ಸೋಮವಾರ ಬಿ.ಎಂ. ರಸ್ತೆಯ ಮಹಡಿ ಹತ್ತಿದೆ. ಮ್ಯಾನೇಜರು ಮೂರೂ ಪತ್ರ ಓದಿದ. ಗಿರಣಿಯದನ್ನು ಓದುವಾಗ ತುಟಿ ಕಚ್ಚಿಕೊಂಡು, "ಮೇಡಂ, ಬೇಜಾರು ಮಾಡ್ಕೋಬೇಡಿ, ಇದು ಗಂಡಿನ ಮನೆಗೆ ಕಳಿಸೋ ಪತ್ರದ ಹಾಗಿದೆ" ಅಂದ. ಮಂಡಿಯದನ್ನು ಮಾತ್ರ ಪಕ್ಕಕ್ಕೆ ಎತ್ತಿಟ್ಟುಕೊಂಡ. ಆಮೇಲೆ ಕೈ ಕಟ್ಟಿಕೊಂಡು ನೇರವಾಗಿ ಕೇಳಿದ: "ಈಗ ಹೇಳಿ. ನಿಮಗೆ ಏನು ಬೇಕು?"

ನನ್ನ ಜೀವನದಲ್ಲಿ ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. 'ತಾವು ನೋಡಿ' ಎಂಬ ಮಾತು ಗಂಟಲವರೆಗೆ ಬಂದಿತ್ತು. ಸಾಲಗಾಮೆ ರಸ್ತೆಯ ಮನೆ ನೆನಪಾಯಿತು, ತಿಂಗಳು ಮುಗಿಯಲು ಇದ್ದ ನಾಲ್ಕು ದಿನ ನೆನಪಾಯಿತು.

"ಸೀನಿಯರ್ ಬೇಕು. ತಿಂಗಳಿಗೆ ಹನ್ನೆರಡು ಸಾವಿರ ಬೇಕು."

ಹೇಳಿ ಬಾಯಿ ಮುಚ್ಚಿಕೊಂಡೆ. ಹೇಳಿದ್ದಕ್ಕಿಂತ ಆಮೇಲೆ ಸುಮ್ಮನಿದ್ದದ್ದು ಕಷ್ಟವಾಯಿತು. ಅಯ್ಯೋ ಜಾಸ್ತಿಯಾಯಿತೇನೋ, ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ ಎಂದು ನಾನೇ ಇಳಿಸಿಬಿಡುತ್ತೇನೆಂದು ಭಯವಾಗಿ ಬ್ಯಾಗಿನ ಹಿಡಿ ಬಿಗಿಯಾಗಿ ಹಿಡಿದುಕೊಂಡಿದ್ದೆ.

"ಯಾಕೆ ಅಷ್ಟು, ಬೆಂಗಳೂರಿನವರು ಕೇಳಿದ್ರೆ ಏನು ಹೇಳ್ಲಿ?"

"ಅರಕಲಗೂಡಿನಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತೆ. ಅರ್ಧ ಬಿಲ್ಲು ಹಾಕಿದಾಗಲೇ ಹೋಗುತ್ತೆ. ಮತ್ತೆ ಬಂದಾಗ ನನ್ನ ಪ್ರೋಗ್ರಾಂ ಆ ಬಿಲ್ಲನ್ನ ಬಿಟ್ಟ ಕಡೆಯಿಂದ ಎತ್ತಿಕೊಳ್ಳುತ್ತೆ. ಇದುವರೆಗೆ ಒಂದು ಚೀಲ ಗೊಬ್ಬರದ ಲೆಕ್ಕ ತಪ್ಪಿಲ್ಲ. ಅದನ್ನ ನನಗೆ ಯಾರೂ ಹೇಳಿಕೊಡಲಿಲ್ಲ, ಕೇಳೋಣ ಅಂದ್ರೂ ಯಾರೂ ಇರಲಿಲ್ಲ. ನೀವು ಗಿರಣಿಗಳಿಗೆ ಸಾಫ್ಟ್‌ವೇರ್ ಮಾಡ್ತೀವಿ ಅಂತೀರಿ. ಗಿರಣಿಯೊಳಗೆ ಕೂತು ಮಾಡಿದವರು ನಿಮ್ಮಲ್ಲಿ ಎಷ್ಟು ಜನ ಇದ್ದಾರೆ ಸರ್?"

ನನ್ನ ದನಿ ಏರಿಬಿಟ್ಟಿತ್ತು. ಹೊರಗಿನ ಹುಡುಗಿಯರು ಗಾಜಿನಾಚೆಯಿಂದ ನೋಡುತ್ತಿದ್ದರು. ಅವನು ಫೋನೆತ್ತಿ ನನ್ನೆದುರಿಗೇ ಬೆಂಗಳೂರಿಗೆ ಮಾತಾಡಿದ. ಇಂಗ್ಲಿಷಿನಲ್ಲಿ ಅವನು ನನ್ನ ಕರೆಂಟಿನ ಕತೆಯನ್ನು ವಿವರಿಸುತ್ತಿದ್ದಾಗ ಆ ಕೆಲಸ ಮೊದಲ ಸಲ ನನಗೇ ದೊಡ್ಡದಾಗಿ ಕಾಣಿಸಿತು. ಫೋನು ಇಟ್ಟು, "ಸೀನಿಯರ್ ಆಗುತ್ತೆ. ಹನ್ನೊಂದು ಸಾವಿರ. ಒಪ್ಪಿಗೇನಾ?" ಅಂದ.

"ಒಪ್ಪಿಗೆ" ಅಂದೆ. ಮೊದಲ ಸಲಕ್ಕೇ. ಅಮ್ಮ ಇದ್ದಿದ್ದರೆ ಏನೆನ್ನುತ್ತಿದ್ದಳೋ.

ಕೆಳಗಿಳಿದು ಬಂದೆ. ಯಾರಿಗಾದರೂ ಹೇಳಲೇಬೇಕು ಎನ್ನುವಷ್ಟು ಸಂತೋಷವಾಗಿತ್ತು. ಎಸ್.ಟಿ.ಡಿ. ಬೂತಿನ ಮುಂದೆ ನಿಂತೆ. ಬೂತಿನವನು "ಯಾವ ನಂಬರ್ ಮೇಡಂ?" ಅಂದ. ಯೋಚಿಸಿದೆ. ಅಣ್ಣ ಸ್ಕೂಲಿನಲ್ಲಿ, ಮನೆಯಲ್ಲಿ ಫೋನಿಲ್ಲ. ನನ್ನ ವಯಸ್ಸಿನ ಗೆಳತಿಯರೆಲ್ಲ ಮದುವೆಯಾಗಿ ಯಾವ ಯಾವ ಊರಿನಲ್ಲೋ ಇದ್ದರು, ಒಬ್ಬರ ನಂಬರೂ ನನ್ನ ಹತ್ತಿರ ಇರಲಿಲ್ಲ. ಸೀನಿಯರ್ ಅಂದರೆ ಏನೆಂದು ತಿಳಿದು ಖುಷಿಪಡುವವರು ಇನ್ನು ಯಾರು? ನಾನು ಜಗಳ ಆಡಿದ ಆ ಹುಡುಗನೊಬ್ಬನೇ. "ಏನಿಲ್ಲ, ಆಮೇಲೆ ಬರ್ತೀನಿ" ಎಂದು ಹೊರಟೆ. ನೇರ ಸಾಲಗಾಮೆ ರಸ್ತೆಗೆ ಹೋಗಿ ಮನೆಯ ಒಡತಿಗೆ, ಮನೆ ನನಗೇ, ಮುಂಗಡ ಎರಡು ದಿನದಲ್ಲಿ ತರುತ್ತೇನೆ ಎಂದು ಹೇಳಿಬಂದೆ.

ಸಂಜೆ ಅಣ್ಣ ಬಂದ ಮೇಲೆ ಎಲ್ಲರೂ ಅವಲಕ್ಕಿ ತಿನ್ನುತ್ತಾ ಕೂತಿದ್ದಾಗ ಹೇಳಿದೆ. ಅಣ್ಣನಿಗೆ ನಿಜವಾಗಿ ಸಂತೋಷವಾಯಿತು. "ಹನ್ನೊಂದು ಸಾವಿರವಾ! ನನಗಿಂತ ಜಾಸ್ತಿ ಕಣೇ! ಅಪ್ಪನ ಮಗಳು ಬಾಯಿ ಬಿಟ್ಟಳು ಅಂದ್ರೆ ನಂಬೋಕಾಗಲ್ಲ" ಎಂದು ಮಕ್ಕಳನ್ನು ಕರೆದು ಹೇಳಿದ. ಅತ್ತಿಗೆ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಬಂದಳು. ಆಗ ಉಳಿದದ್ದನ್ನೂ ಹೇಳಿದೆ.

"ಒಂದು ಮನೆ ನೋಡಿದ್ದೀನಿ ಅಣ್ಣ. ಸಾಲಗಾಮೆ ರೋಡಲ್ಲಿ. ಬೇರೆ ಮನೆ ಮಾಡೋಣ ಅಂತ."

ಅಣ್ಣ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ತಟ್ಟೆಯಿಂದ ಕಣ್ಣೆತ್ತಿ ಕೇಳಿದಳು:

"ಯಾವತ್ತಿಂದ?"

"ಒಂದನೇ ತಾರೀಖು."

"ಒಳ್ಳೇದಾಯ್ತು. ಹಿತ್ತಾಳೆ ಪಾತ್ರೆ ಎರಡು ಜಾಸ್ತಿ ಇವೆ, ತಗೊಂಡು ಹೋಗು. ಒಂದು ಸ್ಟವ್ವೂ ಇದೆ, ಬತ್ತಿ ಹಾಕಿಸಿದ್ರೆ ಸಾಕು" ಅಂದಳು. ಅಣ್ಣ, ಸ್ಕೂಲಿನ ಹತ್ತಿರದ ಟೆಂಪೋದವನು ಪರಿಚಯ, ಭಾನುವಾರವೇ ಸಾಮಾನು ಸಾಗಿಸಿಬಿಡೋಣ ಅಂದ. ಅವನ ದನಿಯಲ್ಲಿ ಎಷ್ಟೋ ವರ್ಷದಿಂದ ಕೇಳದಿದ್ದ ಹಗುರ ಇತ್ತು. ದೊಡ್ಡ ಮಗಳು ಆಗಲೇ ನಡುಮನೆಯಲ್ಲಿ ತನ್ನ ಓದುವ ಮೇಜು ಎಲ್ಲಿ ಹಾಕಬೇಕೆಂದು ಹೆಜ್ಜೆಯಲ್ಲಿ ಅಳೆಯುತ್ತಿದ್ದಳು.

ಎಲ್ಲರೂ ಸೇರಿ ನನ್ನನ್ನು ಚೆನ್ನಾಗಿಯೇ ಕಳಿಸಿಕೊಟ್ಟರು. ಹೊಸ ಮನೆಯಲ್ಲಿ ಅತ್ತಿಗೆ ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಿದಳು, ಹಾಲು ಉಕ್ಕಿಸಿದಳು, ಅಣ್ಣ ಬಲ್ಬು ಹಾಕಿಕೊಟ್ಟ. ಅವರು ಹೊರಟ ಮೇಲೆ ನಾನು ಒಳಗಿನಿಂದ ಚಿಲಕ ಹಾಕಿಕೊಂಡು ನೆಲದ ಮೇಲೆ ಕೂತೆ. ಬೇಕೆಂದು ಕೇಳಿ, ಜಗಳವಾಡಿ ಪಡೆದ ಮನೆ. ನನ್ನ ಬದುಕಿನಲ್ಲಿ ನಾನೇ ಬಾಯಿಬಿಟ್ಟು ಗಿಟ್ಟಿಸಿದ ಮೊದಲ ವಸ್ತು. ಖುಷಿಪಡಬೇಕು ಎಂದುಕೊಂಡೇ ಕೂತಿದ್ದವಳಿಗೆ ಅಳು ಬಂತು. ಹೋಗಬೇಡ, ಇಲ್ಲೇ ಇರು ಎಂದು ಅವರಲ್ಲಿ ಒಬ್ಬರೂ ಅನ್ನಲಿಲ್ಲ. ಅಂದಿದ್ದರೂ ನಾನು ಉಳಿಯುತ್ತಿರಲಿಲ್ಲ, ದೇವರಾಣೆ. ಆದರೂ ಅನ್ನಬೇಕಿತ್ತು.